ಪ್ರಶ್ನೋತ್ತರ: ನಮ್ಮ ಊರಿನ ಕತೆ, ಹೊರದೇಶದ ಪಾಲುದಾರರು

ಸ್ವತಂತ್ರ ಚಲನಚಿತ್ರ ನಿರ್ಮಾಣದ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೋರಿದ್ದೆವು. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಬೇರೆ ದೇಶದ ನಿರ್ಮಾಪಕರ ಜೊತೆಗೂಡಿ ಚಿತ್ರ ಮಾಡುವ ವಿಚಾರವನ್ನೇ ಕೇಳಿದ್ದವು. ಅಂತಹ ಸಹನಿರ್ಮಾಣಗಳಲ್ಲಿ ಕೆಲಸ ಮಾಡಿರುವ, ದಾವಣಗೆರೆಯಲ್ಲೇ ನೆಲೆಸಿರುವ ನಿರ್ಮಾಪಕರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದ ಕಾಲವನ್ನು ಕುರಿತು ನನ್ನ ಮಗ ಚಿತ್ರಕಥೆ ಬರೆದಿದ್ದಾನೆ. ಬೆಂಗಳೂರಿನಲ್ಲಿ ಹಣ ಹೂಡುವವರು ಸಿಗಲಿಲ್ಲ. ವಿದೇಶದ ನಿರ್ಮಾಪಕರು ಒಪ್ಪಿದರೆ ಅರ್ಧದಷ್ಟು ಹಣವನ್ನು ಅವರೇ ಕೊಡುತ್ತಾರೆಂದು ಯಾರೋ ಹೇಳಿದರಂತೆ. ಇದು ನಿಜವೇ?
– ನಿವೃತ್ತ ಅಧ್ಯಾಪಕರು, ದಾವಣಗೆರೆ

ಮಾನ್ಯರೇ, ಅರ್ಧ ಹಣ ಬರುವುದು ಸಾಧ್ಯವಿದೆ. ಆದರೆ ಆ ಹಣ ನಿಮ್ಮ ಮಗನ ಕೈಗೆ ಬಂದು, ಅವರು ಬಯಸಿದಂತೆ ಖರ್ಚಾಗುತ್ತದೆ ಎಂದುಕೊಂಡರೆ ಮುಂದೆ ಬಹಳ ತೊಂದರೆಯಾಗುತ್ತದೆ. ಯುರೋಪಿನ ನಿರ್ಮಾಪಕರು ಸಾಮಾನ್ಯವಾಗಿ ತಮ್ಮ ಸ್ವಂತ ಗಂಟನ್ನು ಬಿಚ್ಚುವುದಿಲ್ಲ. ತಮ್ಮ ದೇಶದ ಚಲನಚಿತ್ರ ನಿಧಿ, ಪ್ರಾದೇಶಿಕ ನಿಧಿ, ಟಿವಿ ವಾಹಿನಿ ಇವುಗಳಿಂದ ಹಣ ಹೊಂದಿಸುತ್ತಾರೆ. ಈ ನಿಧಿಗಳ ಹಿಂದೆ ಅಲ್ಲಿನ ತಂತ್ರಜ್ಞರಿಗೆ ಕೆಲಸ ಸಿಗಬೇಕೆಂಬ ಉದ್ದೇಶವಿರುವುದರಿಂದ, ಕೊಟ್ಟ ಹಣದ ದೊಡ್ಡ ಪಾಲು ಆ ದೇಶದಲ್ಲೇ ಖರ್ಚಾಗಬೇಕೆಂಬ ಷರತ್ತು ಬಹಳ ಕಡೆ ಇರುತ್ತದೆ. ಹಾಗಾಗಿ ಸೌಂಡ್ ಮಿಕ್ಸಿಂಗ್ (ಧ್ವನಿಗಳ ಹೊಂದಾಣಿಕೆ), ಕಲರ್ ಗ್ರೇಡಿಂಗ್ (ದೃಶ್ಯಗಳ ಬಣ್ಣದ ಹೊಂದಾಣಿಕೆ), ಹಿನ್ನೆಲೆ ಸಂಗೀತ, ಕೆಲವೊಮ್ಮೆ ಸಂಕಲನವೂ ಅಲ್ಲಿಗೆ ಹೋಗುತ್ತವೆ.

ಇದರ ಪರಿಣಾಮ ಬಜೆಟ್ಟಿನ ಮೇಲೆ ಹೇಗಾಗುತ್ತದೆಂಬುದನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡಬಹುದು. ನಿಮ್ಮ ಚಿತ್ರದ ಚಿತ್ರೀಕರಣ ಮತ್ತು ಅದಕ್ಕೆ ಸಂಬಂಧಿಸಿದ ಖರ್ಚು 2.90 ಕೋಟಿ ರೂಪಾಯಿ, ಚಿತ್ರೀಕರಣದ ನಂತರದ ಕೆಲಸವನ್ನು ಬೆಂಗಳೂರು ಅಥವಾ ಚೆನ್ನೈಯಲ್ಲಿ ಮುಗಿಸಿದರೆ 35 ಲಕ್ಷ, ಒಟ್ಟು 3.25 ಕೋಟಿ ಎಂದಿಟ್ಟುಕೊಳ್ಳಿ. ಅದೇ ನಂತರದ ಕೆಲಸ ಪ್ಯಾರಿಸಿಗೆ ಹೋಗಿ 1.10 ಕೋಟಿಯಾದರೆ ಚಿತ್ರದ ಬಜೆಟ್ 4 ಕೋಟಿಗೆ ಏರುತ್ತದೆ. ಪಾಲುದಾರರು ಶೇಕಡಾ 40ರಷ್ಟು, ಅಂದರೆ 1.60 ಕೋಟಿ ತರುತ್ತಾರೆ. ಅದರಲ್ಲಿ 1.10 ಕೋಟಿ ಅಲ್ಲೇ ಮುಗಿಯುತ್ತದೆ. ದಾವಣಗೆರೆಯ ಚಿತ್ರೀಕರಣಕ್ಕೆ ಬರುವುದು 50 ಲಕ್ಷ. ನೀವು ಮೊದಲು 3.25 ಕೋಟಿ ಹೊಂದಿಸಬೇಕಾಗಿತ್ತು, ಈಗ 2.40 ಕೋಟಿ ಹೊಂದಿಸಿದರೆ ಸಾಕು. ಅಲ್ಲಿಗೆ ನಿಮಗಾದ ನಿಜವಾದ ಉಳಿತಾಯ 85 ಲಕ್ಷವೇ ಹೊರತು 1.60 ಕೋಟಿಯಲ್ಲ. ಆ 85 ಲಕ್ಷಕ್ಕಾಗಿ ಚಿತ್ರದ ಒಡೆತನದಲ್ಲಿ ಶೇಕಡಾ 40ನ್ನು ಬಿಟ್ಟುಕೊಡುತ್ತಿದ್ದೀರಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಪ್ರತಿಯೊಬ್ಬ ನಿರ್ಮಾಪಕರೂ ಮಾಡಬೇಕಾದ ಲೆಕ್ಕ ಇದು. ಮಾಡದೆ ಸಹಿ ಹಾಕಿದವರನ್ನು ನಾನು ಬಲ್ಲೆ.

ಇದನ್ನು ಓದಿ ಸಹನಿರ್ಮಾಣ ನಷ್ಟದ ಬಾಬತ್ತೆಂದು ತಿಳಿಯಬೇಡಿ. ಪಾಲುದಾರರ ಜೊತೆ ಅವರ ದೇಶದ ವಿತರಕರು, ಚಿತ್ರದ ಹಕ್ಕನ್ನು ಬೇರೆ ಬೇರೆ ದೇಶಗಳಿಗೆ ಮಾರಿಕೊಡುವ ಸೇಲ್ಸ್ ಏಜೆಂಟರು, ಚಿತ್ರೋತ್ಸವದ ಆಯ್ಕೆದಾರರ ಪರಿಚಯ, ಒಳ್ಳೆಯ ಧ್ವನಿ ತಂತ್ರಜ್ಞರು ಎಲ್ಲವೂ ಬರುತ್ತವೆ. ಗಿರಣಿಯ ಚಿತ್ರದಲ್ಲಿ ಯಂತ್ರಗಳ ಸದ್ದೇ ಅರ್ಧ ಕತೆ ಹೇಳಬೇಕಾಗಿರುವುದರಿಂದ ಧ್ವನಿಗಾಗಿ ಹೊರದೇಶಕ್ಕೆ ಹೋಗುವುದರಲ್ಲಿ ಅರ್ಥವಿದೆ. ಅದೇ ಚಿತ್ರಕ್ಕೆ ಛಾಯಾಗ್ರಾಹಕರನ್ನೂ ವಸ್ತ್ರವಿನ್ಯಾಸಕರನ್ನೂ ಅಲ್ಲಿಂದಲೇ ಕರೆಸುವುದು ನನ್ನ ಮಟ್ಟಿಗೆ ದುಂದು. ಯಾವ ಕೆಲಸ ಹೊರಗೆ ಹೋದರೆ ಚಿತ್ರಕ್ಕೆ ನಿಜವಾಗಿ ಲಾಭ ಎಂಬುದನ್ನು ಚಿತ್ರಕಥೆಯ ಹಂತದಲ್ಲೇ ನಿರ್ಧರಿಸಿಕೊಂಡು, ಆ ಕೆಲಸ ಮಾಡಿಕೊಡಬಲ್ಲ ದೇಶವನ್ನು ಹುಡುಕಬೇಕು. ದೇಶವನ್ನು ಮೊದಲು ಹಿಡಿದು ಕೆಲಸವನ್ನು ಆಮೇಲೆ ಹುಡುಕಿದಾಗಲೇ ಬಜೆಟ್ ಹಿಗ್ಗುತ್ತದೆ.

ಆರಂಭಕ್ಕೆ ಗೋವಾದಲ್ಲಿ ನವೆಂಬರಿನಲ್ಲಿ, ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದ ಜೊತೆಜೊತೆಗೆ ನಡೆಯುವ ಫಿಲ್ಮ್ ಬಜಾರ್ ಸೂಕ್ತ. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ 2007ರಲ್ಲಿ ಆರಂಭಿಸಿದ ಈ ಮಾರುಕಟ್ಟೆಯ ಹೆಸರಿಗೆ ಈಚೆಗೆ ‘ವೇವ್ಸ್’ ಸೇರಿಕೊಂಡಿದೆ. ಅಲ್ಲಿಯ ಸಹನಿರ್ಮಾಣ ವಿಭಾಗಕ್ಕೆ ಆಯ್ಕೆಯಾದರೆ ಹೊರದೇಶದ ನಿರ್ಮಾಪಕರೊಡನೆ ಮುಖಾಮುಖಿ ಮಾತುಕತೆಯ ಅವಕಾಶ ಸಿಗುತ್ತದೆ. ರಾಟರ್‌ಡ್ಯಾಮ್ ಚಿತ್ರೋತ್ಸವದ ಹ್ಯೂಬರ್ಟ್ ಬಾಲ್ಸ್ ನಿಧಿಯು ಚಿತ್ರಕಥೆಯ ಹಂತದಲ್ಲೇ ನೆರವು ಕೊಡುತ್ತದೆ. ಮೊತ್ತ ದೊಡ್ಡದಲ್ಲದಿದ್ದರೂ, ಆ ನಿಧಿ ಸಿಕ್ಕ ಚಿತ್ರಕಥೆಯನ್ನು ಬೇರೆಯವರು ಓದುವ ರೀತಿಯೇ ಬದಲಾಗುತ್ತದೆ.

ಪ್ರಶ್ನೆ: ‘ಅಧಿಕೃತ’ ಸಹನಿರ್ಮಾಣ ಎಂದರೆ ಏನು? ಎರಡು ಕಂಪನಿಗಳು ಒಪ್ಪಂದ ಮಾಡಿಕೊಂಡರೆ ಸಾಲದೇ? ಸರ್ಕಾರದಿಂದ 30 ಕೋಟಿ ಸಿಗುತ್ತದೆಂಬುದು ಹೌದೇ?
– ಜವಳಿ ವ್ಯಾಪಾರಿ, ಹೊಸದುರ್ಗ

ಎರಡು ಕಂಪನಿಗಳ ಒಪ್ಪಂದದಿಂದಲೂ ಚಿತ್ರ ಮಾಡಬಹುದು. ಅದು ಖಾಸಗಿ ಸಹನಿರ್ಮಾಣ. ಎರಡು ದೇಶಗಳ ಸರ್ಕಾರಗಳ ನಡುವೆ ಮೊದಲೇ ಒಡಂಬಡಿಕೆ ಇದ್ದು, ಎರಡೂ ಕಡೆಯ ಪ್ರಾಧಿಕಾರಗಳು ಚಿತ್ರಕ್ಕೆ ಒಪ್ಪಿಗೆ ಕೊಟ್ಟರೆ ಅದು ಅಧಿಕೃತವಾಗುತ್ತದೆ. ಆಗ ಆ ಚಿತ್ರವನ್ನು ಎರಡೂ ದೇಶಗಳು ತಮ್ಮದೇ ಚಿತ್ರವೆಂದು ಪರಿಗಣಿಸುತ್ತವೆ. ಅಲ್ಲಿನ ನಿಧಿಗಳ ಬಾಗಿಲು ತೆರೆಯುವುದು ಇದರಿಂದಲೇ. ಫ್ರಾನ್ಸ್, ಇಟಲಿ, ಬ್ರಿಟನ್, ಜರ್ಮನಿ, ಬ್ರೆಜಿಲ್, ನ್ಯೂಜಿಲೆಂಡ್, ಪೋಲೆಂಡ್, ಸ್ಪೇನ್, ಕೆನಡಾ, ಚೀನಾ, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ ಮೊದಲಾದ ದೇಶಗಳೊಡನೆ ಭಾರತಕ್ಕೆ ಇಂತಹ ಒಡಂಬಡಿಕೆಯಿದೆ. ಅಮೆರಿಕದೊಡನೆ ಇಲ್ಲ. ಇಬ್ಬರೇ ಪಾಲುದಾರರಿದ್ದಲ್ಲಿ ಒಬ್ಬರ ಪಾಲು ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಕಡಿಮೆಯೂ 80ಕ್ಕಿಂತ ಹೆಚ್ಚೂ ಇರಬಾರದೆಂಬ ನಿಯಮ ಬಹಳಷ್ಟು ಒಡಂಬಡಿಕೆಗಳಲ್ಲಿದೆ. ಹಣದ ಪಾಲಿಗೆ ತಕ್ಕಂತೆ ಕಲಾವಿದರ ಮತ್ತು ತಂತ್ರಜ್ಞರ ಪಾಲೂ ಇರಬೇಕು. ಹಣ ಮಾತ್ರ ಕೊಟ್ಟು ಸುಮ್ಮನಿರಲು ಒಡಂಬಡಿಕೆ ಬಿಡುವುದಿಲ್ಲ.

30 ಕೋಟಿ ಎಂಬುದು ಗರಿಷ್ಠ ಮಿತಿ. ಕೇಂದ್ರ ಸರ್ಕಾರ 2022ರಲ್ಲಿ ಈ ಪ್ರೋತ್ಸಾಹಧನವನ್ನು ಪ್ರಕಟಿಸಿದಾಗ ಮಿತಿ 2 ಕೋಟಿ ಇತ್ತು, 2023ರಲ್ಲಿ ಅದನ್ನು 30 ಕೋಟಿಗೆ ಏರಿಸಿತು. ಅಧಿಕೃತ ಸಹನಿರ್ಮಾಣವಾದರೆ ಭಾರತದಲ್ಲಿ ಮಾಡಿದ ಅರ್ಹ ಖರ್ಚಿನ ಶೇಕಡಾ 30ರವರೆಗೆ ಮರಳಿ ಸಿಗುತ್ತದೆ. ಕನಿಷ್ಠ ಖರ್ಚು, ಅರ್ಹ ಬಾಬತ್ತು ಮೊದಲಾದ ಷರತ್ತುಗಳನ್ನು ಮಾರ್ಗಸೂಚಿಯಲ್ಲಿ ಓದಿಕೊಂಡೇ ಮುಂದುವರಿಯಬೇಕು. ನನ್ನ ಮೇಲಿನ ಉದಾಹರಣೆಯ 2.90 ಕೋಟಿಯೂ ಅರ್ಹ ಖರ್ಚೆಂದೇ ಹಿಡಿದರೂ ಸಿಗುವುದು 87 ಲಕ್ಷ. ಅದೂ ಖರ್ಚು ಮಾಡಿ, ಲೆಕ್ಕಪರಿಶೋಧನೆ ಮುಗಿಸಿ, ಅರ್ಜಿ ಹಾಕಿದ ನಂತರ. ಅಲ್ಲಿಯವರೆಗೆ ಆ 87 ಲಕ್ಷವನ್ನು ನೀವು ಬೇರೆಲ್ಲಿಂದಲಾದರೂ ತಂದಿರಬೇಕು. ಶೇಕಡಾ 18ರ ವಾರ್ಷಿಕ ಬಡ್ಡಿಗೆ ತಂದು ಒಂದೂವರೆ ವರ್ಷ ಕಾದರೆ ಬಡ್ಡಿಯೇ 23 ಲಕ್ಷ ದಾಟುತ್ತದೆ. ವ್ಯಾಪಾರಿಗಳಾದ ತಮಗೆ ಇದನ್ನು ಇನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ದುರ್ಗದ ಕೋಟೆಯಲ್ಲಿ ನಡೆಯುವ ಚಾರಿತ್ರಿಕ ಕತೆಯೊಂದಕ್ಕೆ ಸ್ಪೇನಿನ ತಂತ್ರಜ್ಞರು ಬರಲು ಒಪ್ಪಿದ್ದಾರೆ. ಅನುಮತಿಗಳನ್ನು ಪಡೆಯುವುದು ಹೇಗೆ?
– ರಂಗಕರ್ಮಿ, ಚಿತ್ರದುರ್ಗ

ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಜಿಲ್ಲಾಡಳಿತದ ಒಪ್ಪಿಗೆಯೊಂದೇ ಸಾಲದು, ಇಲಾಖೆಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಯಾವ ದಿನ, ಎಷ್ಟು ಜನ, ಯಾವ ಬಾಗಿಲಿನ ಬಳಿ, ಯಾವ ಉಪಕರಣ ಎಂಬುದನ್ನೆಲ್ಲ ಅರ್ಜಿಯಲ್ಲಿ ನಿಖರವಾಗಿ ಬರೆಯಿರಿ. ಸ್ಮಾರಕದ ಗೋಡೆಗೆ ಮೊಳೆ ಹೊಡೆಯುವುದು, ಬಣ್ಣ ಹಚ್ಚುವುದು, ಬೆಂಕಿ ಹಾಕುವುದು ಇವೆಲ್ಲ ಆಗದ ಮಾತು. ಪಂಜಿನ ದೃಶ್ಯಗಳಿದ್ದರೆ ಸೆಟ್ಟಿನ ಲೆಕ್ಕವನ್ನು ಈಗಲೇ ಬಜೆಟ್ಟಿಗೆ ಸೇರಿಸಿ. ಚಿತ್ರೀಕರಣಕ್ಕಾಗಿ ಬರುವ ವಿದೇಶಿಯರಿಗೆ ಪ್ರವಾಸಿ ವೀಸಾ ನಡೆಯದು, ಫಿಲ್ಮ್ ವೀಸಾ ಬೇಕು. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ‘ಇಂಡಿಯಾ ಸಿನೆ ಹಬ್’ ವಿಭಾಗದ ಮೂಲಕ ಹೋದರೆ ವೀಸಾ ಮತ್ತು ಕೇಂದ್ರದ ಅನುಮತಿಗಳ ಓಡಾಟ ಕಡಿಮೆಯಾಗುತ್ತದೆ. ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರವಿರುವುದರಿಂದ ಡ್ರೋನ್ ಹಾರಿಸುವ ಮುನ್ನ, ಅದನ್ನು ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ‘ಡಿಜಿಟಲ್ ಸ್ಕೈ’ ನಕ್ಷೆಯನ್ನು ನೋಡದೆ ಇರಬೇಡಿ. ಕ್ಯಾಮೆರಾ, ಲೈಟುಗಳನ್ನು ಸ್ಪೇನಿನಿಂದ ತರಿಸುವ ಗೊಡವೆ ಬೇಡ, ಬೆಂಗಳೂರಿನಲ್ಲಿ ಎಲ್ಲವೂ ಬಾಡಿಗೆಗೆ ಸಿಗುತ್ತವೆ.

ಅನುಮತಿಗಳಿಗಿಂತ ನನಗೆ ಹೆಚ್ಚು ಕಾಡುವುದು ಎರಡು ಸಂಗತಿಗಳು. ಕೋಟೆಯ ಮೇಲ್ಭಾಗದ ಬಂಡೆಗಳ ನಡುವೆ ಗಾಳಿ ಜೋರು. ಸ್ಥಳದಲ್ಲೇ ಧ್ವನಿ ಹಿಡಿಯುವ ಸಿಂಕ್ ಸೌಂಡ್ ಪದ್ಧತಿಗೆ ಯುರೋಪಿನವರು ಪಟ್ಟು ಹಿಡಿಯುತ್ತಾರೆ. ಧ್ವನಿಗ್ರಾಹಕರನ್ನು ಚಿತ್ರೀಕರಣಕ್ಕೆ ಮೊದಲೇ ಒಮ್ಮೆ ಕರೆತಂದು, ನಸುಕಿನಲ್ಲೂ ನಡುಹಗಲಿನಲ್ಲೂ ಸಂಜೆಯಲ್ಲೂ ಅದೇ ಜಾಗದಲ್ಲಿ ನಿಲ್ಲಿಸಿ ಕೇಳಿಸಿ. ಸಂಭಾಷಣೆಯಿರುವ ದೃಶ್ಯಗಳನ್ನು ಗಾಳಿ ತಗ್ಗಿರುವ ಹೊತ್ತಿಗೆ ಇಟ್ಟುಕೊಂಡರೆ ಆಮೇಲೆ ಡಬ್ಬಿಂಗ್ ಖರ್ಚು ಉಳಿಯುತ್ತದೆ.

ಎರಡನೆಯದು ಗಾಳಿಯಂತ್ರಗಳು. ದುರ್ಗದ ಸುತ್ತಲಿನ ಗುಡ್ಡಗಳ ಸಾಲಿನಲ್ಲಿ ತಿರುಗುವ ಬಿಳಿ ರೆಕ್ಕೆಗಳು ಪಾಳೆಯಗಾರರ ಕಾಲದ ದೃಶ್ಯದಲ್ಲಿ ಇಣುಕಿದರೆ ಒಂದೊಂದು ಶಾಟಿನಲ್ಲೂ ಅವನ್ನು ಕಂಪ್ಯೂಟರಿನಲ್ಲಿ ಅಳಿಸಬೇಕು. ನಿಂತ ಕಂಬವನ್ನು ಅಳಿಸುವುದು ಸುಲಭ. ಕ್ಯಾಮೆರಾವೂ ಚಲಿಸುತ್ತ, ರೆಕ್ಕೆಯೂ ತಿರುಗುತ್ತ, ಮುಂದೆ ಒಬ್ಬ ನಟನ ಕೆದರಿದ ಕೂದಲೂ ಇದ್ದರೆ ಕೆಲಸ ಹತ್ತು ಪಟ್ಟಾಗುತ್ತದೆ. ಇಂತಹ ಕೆಲಸವನ್ನು ಪಾಲುದಾರರ ದೇಶಕ್ಕೆ ಕೊಡುವುದು ನ್ಯಾಯ: ಅದು ಅವರ ಖರ್ಚಿನ ಷರತ್ತನ್ನೂ ತುಂಬುತ್ತದೆ, ಚಿತ್ರಕ್ಕೂ ಬೇಕೇಬೇಕಾದುದು. ಸ್ಪೇನಿನವರನ್ನು ಬರೀ ಕ್ಯಾಮೆರಾ ಹಿಡಿಯಲು ಕರೆಸುತ್ತಿದ್ದರೆ ಆ ಯೋಜನೆಯನ್ನು ಇನ್ನೊಮ್ಮೆ ಪರಿಶೀಲಿಸಿ.

ಪ್ರಶ್ನೆ: ಹಿರಿಯ ಲೇಖಕರೊಬ್ಬರ ಕಾದಂಬರಿಯನ್ನು ಆಧರಿಸಿದ ನಮ್ಮ ಚಿತ್ರಕ್ಕೆ ಫ್ರಾನ್ಸಿನ ಸಂಸ್ಥೆಯೊಂದು ಶೇಕಡಾ 30 ಹಣ ತರಲು ಸಿದ್ಧವಿದೆ. ಭಾರತದ ಹೊರಗಿನ ಸಂಪೂರ್ಣ ಹಕ್ಕು ಮತ್ತು ಎಲ್ಲ ದೇಶಗಳ ಒಟಿಟಿ ಹಕ್ಕು ತನಗೆ ಬೇಕೆನ್ನುತ್ತದೆ. ಒಪ್ಪಬಹುದೇ?
– ವಕೀಲರು, ಹಿರಿಯೂರು

ಒಪ್ಪಬಾರದು. ಅವರು ಕೇಳುವುದು ತಪ್ಪಲ್ಲ, ಯಾವ ಒಪ್ಪಂದದ ಮೊದಲ ಕರಡೂ ಹೀಗೆಯೇ ಇರುತ್ತದೆ. ಅದನ್ನು ಕೊನೆಯ ಮಾತೆಂದು ತಿಳಿಯುವುದಷ್ಟೇ ತಪ್ಪು.

ಹಕ್ಕುಗಳನ್ನು ಮೂರು ಭಾಗ ಮಾಡುವುದು ವಾಡಿಕೆ. ಪಾಲುದಾರರ ದೇಶ ಮತ್ತು ಅದೇ ಭಾಷೆಯ ಅಕ್ಕಪಕ್ಕದ ಪ್ರದೇಶಗಳು, ಫ್ರಾನ್ಸಿನವರಾದರೆ ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನ ಫ್ರೆಂಚ್ ಭಾಗಗಳು, ಅವರಿಗಿರಲಿ. ಭಾರತ ಮತ್ತು ನೆರೆಯ ದೇಶಗಳು ನಿಮಗಿರಲಿ. ಉಳಿದ ಜಗತ್ತನ್ನು ಸೇಲ್ಸ್ ಏಜೆಂಟರ ಮೂಲಕ ಮಾರಿ, ಬಂದ ಹಣವನ್ನು ಹೂಡಿಕೆಯ ಪ್ರಮಾಣದಲ್ಲಿ, ಇಲ್ಲಿ 70 ಮತ್ತು 30ರಂತೆ, ಹಂಚಿಕೊಳ್ಳಬೇಕು. ಏಜೆಂಟರ ದಲ್ಲಾಳಿ ಸಾಮಾನ್ಯವಾಗಿ ಶೇಕಡಾ 20ರಿಂದ 25. ಅದರ ಮೇಲೆ ಅವರು ಹಾಕುವ ಪ್ರಚಾರ, ಪ್ರಯಾಣ, ಪೋಸ್ಟರ್ ಖರ್ಚಿಗೆ ಮೊತ್ತದ ಮಿತಿಯನ್ನು ಬರೆಸಿಕೊಳ್ಳದಿದ್ದರೆ ನಿಮ್ಮ ಪಾಲಿಗೆ ಲೆಕ್ಕದ ಹಾಳೆ ಮಾತ್ರ ಬರುತ್ತದೆ.

ನಮ್ಮವರು ಸದಾ ಮರೆಯುವ ಒಂದು ಬಾಬತ್ತಿದೆ. ಅಮೆರಿಕ, ಕೊಲ್ಲಿ ದೇಶಗಳು, ಆಸ್ಟ್ರೇಲಿಯಾ, ಬ್ರಿಟನ್ ಮೊದಲಾದೆಡೆ ನೆಲೆಸಿರುವ ಕನ್ನಡಿಗರಿಗಾಗಿ ವಾರಾಂತ್ಯದ ಪ್ರದರ್ಶನಗಳನ್ನು ಏರ್ಪಡಿಸುವ ವಿತರಕರು ಪ್ರತ್ಯೇಕವಾಗಿದ್ದಾರೆ. ಪ್ಯಾರಿಸಿನ ಏಜೆಂಟರಿಗೆ ಅವರು ಯಾರೆಂದೇ ಗೊತ್ತಿರುವುದಿಲ್ಲ. ‘ಉಳಿದ ಜಗತ್ತು’ ಎಂಬ ಮಾತಿನೊಳಗೆ ಈ ಹಕ್ಕೂ ಕೊಚ್ಚಿಹೋದರೆ ಡಲ್ಲಾಸಿನ ಕನ್ನಡ ಕೂಟದವರು ನಿಮ್ಮ ಚಿತ್ರ ತೋರಿಸಲು ಪ್ಯಾರಿಸಿಗೆ ಪತ್ರ ಬರೆಯಬೇಕಾಗುತ್ತದೆ. ಕನ್ನಡಿಗ ಪ್ರೇಕ್ಷಕರಿಗಾಗಿ ನಡೆಯುವ ಹೊರದೇಶದ ಪ್ರದರ್ಶನಗಳು ಭಾರತದ ನಿರ್ಮಾಪಕರಿಗೇ ಸೇರಿದವು ಎಂದು ಒಂದು ಸಾಲು ಸೇರಿಸಿ; ಇದಕ್ಕೆ ಪಾಲುದಾರರು ತಕರಾರು ಮಾಡುವುದು ಕಡಿಮೆ, ಏಕೆಂದರೆ ಅವರ ಲೆಕ್ಕದಲ್ಲಿ ಆ ಹಣ ಮೊದಲೇ ಇರುವುದಿಲ್ಲ. ಒಟಿಟಿಯ ಮಾತು ಬೇರೆ. ದೊಡ್ಡ ವೇದಿಕೆಗಳು ಜಗತ್ತಿನ ಹಕ್ಕನ್ನು ಒಟ್ಟಾಗಿಯೇ ಕೇಳುವುದುಂಟು. ಅಂತಹ ಮಾರಾಟಕ್ಕೆ ಇಬ್ಬರ ಲಿಖಿತ ಒಪ್ಪಿಗೆಯೂ ಬೇಕು, ಬಂದ ಹಣದಲ್ಲಿ ಭಾರತದ ಭಾಗ ಎಷ್ಟೆಂಬುದು ಮೊದಲೇ ನಿಗದಿಯಾಗಿರಬೇಕು.

ಹಣ ಯಾವಾಗ ಬರುತ್ತದೆ ಎಂಬುದು ಎಷ್ಟು ಬರುತ್ತದೆ ಎಂಬಷ್ಟೇ ಮುಖ್ಯ. ಸಹಿಯ ದಿನ, ಚಿತ್ರೀಕರಣದ ಮೊದಲ ದಿನ, ಕೊನೆಯ ದಿನ, ಸಿದ್ಧ ಪ್ರತಿ ಒಪ್ಪಿಸಿದ ದಿನ ಎಂದು ಕಂತುಗಳಾಗುತ್ತವೆ. ಕೊನೆಯ ಕಂತು ಚಿಕ್ಕದಿರುವಂತೆ ನೋಡಿಕೊಳ್ಳಿ. ಯುರೋವಿನ ಬೆಲೆ ಏರಿಳಿದರೆ ನಷ್ಟ ಯಾರಿಗೆಂಬುದೂ, ಚಿತ್ರದ ಅಂತಿಮ ಸಂಕಲನದ ನಿರ್ಧಾರ ಯಾರದೆಂಬುದೂ, ವ್ಯಾಜ್ಯವಾದರೆ ಪಂಚಾಯ್ತಿ ಯಾವ ಊರಿನಲ್ಲೆಂಬುದೂ ಬರವಣಿಗೆಯಲ್ಲಿರಲಿ. ಬರುವ ಹಣ ಅನುದಾನವೋ ಹೂಡಿಕೆಯೋ ಮುಂಗಡ ಮಾರಾಟದ ಬೆಲೆಯೋ ಎಂಬುದರ ಮೇಲೆ ತೆರಿಗೆಯೂ ವಿದೇಶಿ ವಿನಿಮಯದ ನಿಯಮಗಳೂ ಬೇರೆಯಾಗುತ್ತವೆ. ಸಹಿಗೆ ಮೊದಲು ಲೆಕ್ಕಪರಿಶೋಧಕರಿಗೆ ತೋರಿಸಿ.

ಕಾದಂಬರಿಯ ಹಕ್ಕಿನ ಬಗ್ಗೆ ತಾವು ಏನನ್ನೂ ಬರೆದಿಲ್ಲ. ಲೇಖಕರು ತೀರಿಕೊಂಡ ನಂತರ 60 ವರ್ಷ ಕೃತಿಸ್ವಾಮ್ಯ ಅವರ ವಾರಸುದಾರರದು. ಮಕ್ಕಳಲ್ಲಿ ಒಬ್ಬರು ಕೊಟ್ಟ ಒಪ್ಪಿಗೆಪತ್ರ ನಮ್ಮಲ್ಲಿ ಸಾಕೆನಿಸಿಕೊಳ್ಳುತ್ತದೆ; ವಿದೇಶದ ವಕೀಲರು ಎಲ್ಲ ವಾರಸುದಾರರ ಸಹಿಯನ್ನೂ, ಮಧ್ಯೆ ಹಕ್ಕು ಬೇರೆಯವರಿಗೆ ಮಾರಾಟವಾಗಿಲ್ಲವೆಂಬ ದಾಖಲೆಯನ್ನೂ ಕೇಳುತ್ತಾರೆ. ತಾವೇ ವಕೀಲರಾದ್ದರಿಂದ ಇದನ್ನು ಫ್ರಾನ್ಸಿನವರು ಕೇಳುವ ಮುನ್ನವೇ ಮುಗಿಸಿಡಬಹುದು.

ಪ್ರಶ್ನೆ: ಮೊಳಕಾಲ್ಮೂರು ಸೀರೆ ನೇಯುವವರ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ. ಇದಕ್ಕೂ ಹೊರದೇಶದ ನೆರವು ಸಿಗುವುದೇ?
– ಮೊಳಕಾಲ್ಮೂರು

ಸಿಗುತ್ತದೆ. ಆಮ್ಸ್ಟರ್‌ಡ್ಯಾಮಿನ ಸಾಕ್ಷ್ಯಚಿತ್ರೋತ್ಸವದ ಬರ್ತಾ ನಿಧಿಗೂ, ಕೋಲ್ಕತ್ತದ ಡಾಕ್‌ಎಡ್ಜ್ ವೇದಿಕೆಗೂ ಅರ್ಜಿ ಹಾಕಿ. ಕೆಲವು ನಿಮಿಷಗಳ ದೃಶ್ಯ ತುಣುಕನ್ನು ಮೊದಲು ಸಿದ್ಧಪಡಿಸಿ, ಬರವಣಿಗೆಯೊಂದನ್ನೇ ಓದಿ ಸಾಕ್ಷ್ಯಚಿತ್ರಕ್ಕೆ ಹಣ ಕೊಡುವವರು ವಿರಳ. ನೇಕಾರರಿಂದ ಲಿಖಿತ ಒಪ್ಪಿಗೆಯನ್ನು ಕನ್ನಡದಲ್ಲೇ ಪಡೆದು, ಓದಿ ಹೇಳಿ ಸಹಿ ಮಾಡಿಸಿ.

ಪ್ರಶ್ನೆ: ಹೊರಗಿನವರ ಹಣ ಬಂದರೆ ಚಿತ್ರವೂ ಹೊರಗಿನವರ ರುಚಿಗೆ ತಕ್ಕಂತೆ ಆಗುವುದಿಲ್ಲವೇ? ಅಂತಹ ಚಿತ್ರಗಳನ್ನು ನಮ್ಮವರೇ ನಮ್ಮದೆಂದು ಒಪ್ಪುವುದಿಲ್ಲವಲ್ಲ?
– ಪದವಿ ವಿದ್ಯಾರ್ಥಿ, ಹರಿಹರ

ಪ್ರಶ್ನೆಯ ಎರಡನೆಯ ಭಾಗಕ್ಕೆ ಈಚಿನ ನಿದರ್ಶನವಿದೆ. ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ 2024ರಲ್ಲಿ ಕಾನ್ ಚಿತ್ರೋತ್ಸವದ ಗ್ರ್ಯಾಂಡ್ ಪ್ರಿ ಪಡೆಯಿತು. ಮುಂಬೈಯ ಮಲಯಾಳಿ ನರ್ಸುಗಳ ಕತೆ. ಮಾತು ಹೆಚ್ಚಾಗಿ ಮಲಯಾಳಂ ಮತ್ತು ಹಿಂದಿ. ಹಣ ಫ್ರಾನ್ಸ್, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಮೊದಲಾದ ದೇಶಗಳಿಂದಲೂ ಬಂದಿತ್ತು. ಆ ವರ್ಷ ಭಾರತ ಆಸ್ಕರಿಗೆ ಕಳುಹಿಸಿದ್ದು ಬೇರೆ ಚಿತ್ರವನ್ನು. ಆಯ್ಕೆ ಸರಿಯೇ ಎಂಬ ಚರ್ಚೆ ಬಹಳ ನಡೆಯಿತು. ನನಗೆ ಆ ಚಿತ್ರದ ಮುಂಬೈ ಬಹಳಷ್ಟು ಹಿಂದಿ ಚಿತ್ರಗಳ ಮುಂಬೈಗಿಂತ ಹೆಚ್ಚು ನಮ್ಮದಾಗಿ ಕಂಡಿತು.

ರುಚಿಯ ಪ್ರಶ್ನೆಗೆ ಬಂದರೆ, ಬಡತನ ತೋರಿಸಿ ಎಂದು ನನಗೆ ಯಾವ ವಿದೇಶಿ ನಿರ್ಮಾಪಕರೂ ಹೇಳಿದ್ದಿಲ್ಲ. ಅವರು ಕೇಳುವುದು ವಿವರಣೆಯನ್ನು, ಅಪಾಯವಿರುವುದೂ ಅಲ್ಲಿಯೇ. ನಾಯಕನಹಟ್ಟಿ ಜಾತ್ರೆಯಲ್ಲಿ ಭಕ್ತರು ಕೊಬ್ಬರಿ ಸುಡುವ ದೃಶ್ಯವೊಂದು ಚಿತ್ರಕಥೆಯಲ್ಲಿದೆಯೆನ್ನೋಣ. ಓದಿದವರು “ಇದೇಕೆಂದು ಪ್ರೇಕ್ಷಕರಿಗೆ ತಿಳಿಯುವುದಿಲ್ಲ, ಒಂದು ಮಾತು ಸೇರಿಸಿ” ಎನ್ನುತ್ತಾರೆ. ಸೇರಿಸಿದರೆ ಹುಟ್ಟಿದಾಗಿನಿಂದ ಜಾತ್ರೆಗೆ ಹೋಗುತ್ತಿರುವ ಒಬ್ಬ ಅಜ್ಜಿ ತನ್ನ ಮಗಳಿಗೆ, ಇಬ್ಬರಿಗೂ ಗೊತ್ತಿರುವ ಸಂಗತಿಯನ್ನು ಪಾಠ ಒಪ್ಪಿಸುತ್ತಾಳೆ. ಆ ಕ್ಷಣದಲ್ಲಿ ಚಿತ್ರ ಯಾರದೂ ಅಲ್ಲದಂತಾಗುತ್ತದೆ. ಅದರ ಬದಲು ಅಜ್ಜಿ ಮನೆಯಿಂದ ಕೊಬ್ಬರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬಸ್ಸಿನ ನೂಕುನುಗ್ಗಲಿನಲ್ಲಿ ಗಂಟನ್ನು ಎದೆಗೊತ್ತಿಕೊಂಡು ಬಂದದ್ದನ್ನು ಮೊದಲೇ ತೋರಿಸಿದರೆ, ಬೆಂಕಿಗೆ ಅದನ್ನು ಹಾಕುವಾಗ ಹರಿಹರದವರಿಗೂ ಹ್ಯಾಂಬರ್ಗಿನವರಿಗೂ ಬೇರೆ ವಿವರಣೆ ಬೇಕಾಗುವುದಿಲ್ಲ. ಪಾಲುದಾರರ ಸಲಹೆಯಲ್ಲಿ ತೊಂದರೆ ಎಲ್ಲಿದೆಯೆಂಬುದನ್ನು ಗಮನಿಸಿ, ಅವರು ಸೂಚಿಸಿದ ಪರಿಹಾರವನ್ನು ಬಿಟ್ಟುಬಿಡಿ. ಮಂಡ್ಯದ ಹಳ್ಳಿಯ ಜನರೇ ತಮ್ಮ ಆಡುಮಾತಿನಲ್ಲಿ ನಟಿಸಿದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆದದ್ದು ಯಾವ ವಿವರಣೆಯ ಬಲದಿಂದಲೂ ಅಲ್ಲ.

ಪ್ರಶ್ನೆ: ನಾನು ಬಿ.ಕಾಂ. ಮುಗಿಸಿದ್ದೇನೆ. ಸಿನಿಮಾ ನಿರ್ಮಾಣದಲ್ಲಿ ಕೆಲಸ ಮಾಡುವ ಆಸೆಯಿದೆ, ಆದರೆ ನಿರ್ದೇಶನ ಗೊತ್ತಿಲ್ಲ. ನನ್ನಂತಹವರಿಗೆ ಜಾಗವಿದೆಯೇ?
– ಯುವತಿ, ಜಗಳೂರು

ತಂಗಿ, ನಿರ್ದೇಶನ ಗೊತ್ತಿರುವವರು ಬೇಕಾದಷ್ಟಿದ್ದಾರೆ. ಲೆಕ್ಕ ಬಲ್ಲವರಿಗಾಗಿ ನಾವು ಹುಡುಕಾಡುತ್ತೇವೆ, ಸಹನಿರ್ಮಾಣಗಳಲ್ಲಂತೂ ಇನ್ನೂ ಹೆಚ್ಚು.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಎರಡು ದಿನ ಚಿತ್ರೀಕರಣ ನಡೆಯುತ್ತದೆಂದು ಭಾವಿಸು. ಭಟ್ಟಿಯ ಮಾಲೀಕರಿಗೆ ಬಾಡಿಗೆ, ಕೆಲಸ ನಿಂತದ್ದಕ್ಕೆ ಹುರಿಯುವವರ ಕೂಲಿ, ಒಲೆಗೆ ಹೊಟ್ಟು, ಊಟ, ಆಟೊ ಎಲ್ಲಕ್ಕೂ ನಗದು ಹೋಗುತ್ತದೆ. ಮಾಲೀಕರು ಹಳೆಯ ಕ್ಯಾಲೆಂಡರಿನ ಹಿಂದೆ ಮೊತ್ತ ಬರೆದು ಕೊಡುತ್ತಾರೆ. ಕನ್ನಡ ಚಿತ್ರದ ಪ್ರೊಡಕ್ಷನ್ ಮ್ಯಾನೇಜರಿಗೆ ಅಷ್ಟು ಸಾಕು. ಪಾಲುದಾರರ ಲೆಕ್ಕಪರಿಶೋಧಕರಿಗೂ, ಶೇಕಡಾ 30 ಮರಳಿ ಕೊಡಬೇಕಾದ ಸರ್ಕಾರಕ್ಕೂ ಸಾಲದು. ಮೊತ್ತ, ದಿನಾಂಕ, ಯಾವ ದೃಶ್ಯ, ಪಡೆದವರ ಹೆಸರು, ಸಹಿ ಅಥವಾ ಹೆಬ್ಬೆಟ್ಟು ಇರುವ ವೋಚರ್ ಬೇಕು. ಆದಷ್ಟೂ ಹಣ ಬ್ಯಾಂಕಿನ ಮೂಲಕ ಹೋಗಿರಬೇಕು, ಜಿಎಸ್‌ಟಿ ಇದ್ದಲ್ಲಿ ಬಿಲ್ ಇರಬೇಕು. ಅದೇ ರಾತ್ರಿ ಬರೆಯದಿದ್ದರೆ ಆ ವೋಚರ್ ಆಮೇಲೆ ಹುಟ್ಟುವುದಿಲ್ಲ. ಭಟ್ಟಿಯವರನ್ನು ಆರು ತಿಂಗಳ ಬಳಿಕ ಹುಡುಕಿಕೊಂಡು ಹೋದರೆ ಅವರು ಚಹಾ ಕೊಡುತ್ತಾರೆ, ಸಹಿಯನ್ನಲ್ಲ.

ಇದರ ಜೊತೆಗೆ ಪ್ರತಿ ವಾರ ‘ಕಾಸ್ಟ್ ರಿಪೋರ್ಟ್’ ಕಳುಹಿಸಬೇಕು: ಬಜೆಟ್ಟಿನಲ್ಲಿ ಇದ್ದದ್ದೆಷ್ಟು, ಈವರೆಗೆ ಆದದ್ದೆಷ್ಟು, ಚಿತ್ರ ಮುಗಿಯಲು ಇನ್ನೆಷ್ಟು ಬೇಕು. ಮೂರನೆಯ ಕಲಂ ತುಂಬುವುದೇ ಕಷ್ಟ, ಏಕೆಂದರೆ ಅದಕ್ಕೆ ಚಿತ್ರಕಥೆಯನ್ನೂ ಮುಂದಿನ ದಿನಗಳ ವೇಳಾಪಟ್ಟಿಯನ್ನೂ ಓದಿ ಅರ್ಥ ಮಾಡಿಕೊಂಡಿರಬೇಕು. ಅದು ಬಂದವರು ಅಕೌಂಟೆಂಟ್ ಹುದ್ದೆಯಿಂದ, ಚಿತ್ರೀಕರಣದ ದಿನನಿತ್ಯದ ವ್ಯವಸ್ಥೆ ಮತ್ತು ಬಜೆಟ್ ನೋಡಿಕೊಳ್ಳುವ ಲೈನ್ ಪ್ರೊಡ್ಯೂಸರ್ ಹುದ್ದೆಗೆ ಬೇಗ ಏರುತ್ತಾರೆ.

ಮೊದಲು ಬೆಂಗಳೂರಿನಲ್ಲಿ ಯಾವುದಾದರೂ ಸಣ್ಣ ಚಿತ್ರಕ್ಕೋ ಜಾಹೀರಾತು ಚಿತ್ರಕ್ಕೋ ಪ್ರೊಡಕ್ಷನ್ ಅಕೌಂಟ್ಸ್ ಸಹಾಯಕಿಯಾಗಿ ಸೇರು. ಬಾಟಾ (ದಿನಭತ್ಯೆ) ಕಡಿಮೆಯಿದ್ದರೂ ಪರವಾಗಿಲ್ಲ; ಸಂಬಳವನ್ನೇ ಕೊಡದೆ ‘ಅನುಭವ’ ಕೊಡುತ್ತೇವೆ ಎನ್ನುವವರ ಬಳಿ ಹೋಗಬೇಡ. ಟ್ಯಾಲಿ ಬರುತ್ತಿರಬಹುದು, ಎಕ್ಸೆಲ್ಲನ್ನು ಚೆನ್ನಾಗಿ ಕಲಿ. ಇಂಗ್ಲಿಷಿನಲ್ಲಿ ವ್ಯವಹಾರದ ಪತ್ರ ಬರೆಯುವಷ್ಟು ಅಭ್ಯಾಸ ಮಾಡಿಕೊ, ಉಚ್ಚಾರಣೆಯ ಚಿಂತೆ ಬೇಡ. ಒಂದೆರಡು ಚಿತ್ರಗಳ ಲೆಕ್ಕ ಮುಗಿಸಿದ ಮೇಲೆ ಪತ್ರಿಕೆಯ ವಿಳಾಸಕ್ಕೆ ಬರೆ. ಆಗ ನನ್ನ ಕೈಯಲ್ಲಿ ಚಿತ್ರವಿದ್ದರೆ ನಿನ್ನ ವೋಚರ್ ಫೈಲನ್ನು ತರಿಸಿ ನೋಡುತ್ತೇನೆ.